ಫೈಲ್ ಹೆಸರುಗಳ ಪಟ್ಟಿ: ಫೋಲ್ಡರಿನಿಂದ ಸ್ಪ್ರೆಡ್‌ಶೀಟಿಗೆ

ಕಂಪ್ಯೂಟರಿನ ಫೋಲ್ಡರೊಂದರಲ್ಲಿ ಇರುವ ಫೈಲುಗಳ ಹೆಸರುಗಳನ್ನು ಎಕ್ಸೆಲ್, ಲಿಬ್ರೆಆಫೀಸ್ ಕ್ಯಾಲ್ಕ್, ಗೂಗಲ್ ಶೀಟ್ಸ್‌ನಂಥ ಸ್ಪ್ರೆಡ್‌ಶೀಟಿನ ಸಾಲುಗಳಿಗೆ ಇಳಿಸುವ ಕೆಲಸವಿದು. ಸ್ಕ್ಯಾನ್ ಮಾಡಿದ ಹಸ್ತಪ್ರತಿಗಳಿಗೆ ಸೂಚಿ ಸಿದ್ಧಪಡಿಸುವ ಗ್ರಂಥಾಲಯ, ಮೊಕದ್ದಮೆಯ ದಾಖಲೆಗಳಿಗೆ ಅನುಬಂಧ ಬರೆಯುವ ವಕೀಲರ ಕಚೇರಿ, ಸಾವಿರಾರು ಚಿತ್ರಗಳನ್ನು ಗ್ರಾಹಕರಿಗೆ ಒಪ್ಪಿಸುವ ಛಾಯಾಗ್ರಾಹಕ, ವರ್ಷದ ರಸೀದಿಗಳನ್ನು ತಾಳೆ ನೋಡುವ ಲೆಕ್ಕಪರಿಶೋಧಕ, ಇವರಿಗೆಲ್ಲ ಒಂದಲ್ಲ ಒಂದು ದಿನ ಈ ಪಟ್ಟಿ ಬೇಕಾಗುತ್ತದೆ. ವಿಂಡೋಸಿನ ಫೈಲ್ ಎಕ್ಸ್‌ಪ್ಲೋರರ್ ಹೆಸರು, ದಿನಾಂಕ, ಗಾತ್ರಗಳನ್ನು ಅಚ್ಚುಕಟ್ಟಾದ ಕಾಲಂಗಳಲ್ಲಿ ಪರದೆಯ ಮೇಲೆ ತೋರಿಸುತ್ತದೆ; ಆದರೆ ಅದೇ ಕೋಷ್ಟಕವನ್ನು ಫೈಲಾಗಿ ಉಳಿಸಿಕೊಡುವ ಆಯ್ಕೆ ಅದರ ಮೆನುವಿನಲ್ಲಿಲ್ಲ. ಹಾಗಾಗಿ ಕಣ್ಣೆದುರು ಸಿದ್ಧವಾಗಿರುವ ಪಟ್ಟಿಯನ್ನು ಜನ ಮತ್ತೆ ಕೈಯಿಂದ ಟೈಪು ಮಾಡುತ್ತಾರೆ. ಇದನ್ನು ನಕಲು ತೆಗೆಯುವ ಸಣ್ಣ ಕೆಲಸವೆಂದು ತಿಳಿಯುವುದರಿಂದಲೇ ಹೆಚ್ಚಿನ ತಪ್ಪುಗಳು ಹುಟ್ಟುತ್ತವೆ. ಫೋಲ್ಡರಿನಿಂದ ಇಳಿಸಿದ ಪಟ್ಟಿ ಒಂದು ನಿರ್ದಿಷ್ಟ ಗಳಿಗೆಯಲ್ಲಿ ಅಲ್ಲಿ ಏನೇನಿತ್ತು ಎಂಬುದಕ್ಕೆ ಸಾಕ್ಷಿ. ಸಾಕ್ಷಿಯೆಂದ ಮೇಲೆ ಅದನ್ನು ಯಂತ್ರವೇ ಬರೆಯಬೇಕು, ಹೆಸರಿನ ಜೊತೆಗೆ ಜಾಗವೂ ದಾಖಲಾಗಬೇಕು, ದಾಟುವ ದಾರಿಯಲ್ಲಿ ಒಂದು ಅಕ್ಷರವೂ ಬದಲಾಗಬಾರದು.

ಜಾಗವನ್ನು ಏಕೆ ಬರೆಯಬೇಕು ಎಂಬುದಕ್ಕೆ ಕ್ಯಾಮೆರಾಗಳೇ ಉತ್ತರ ಕೊಡುತ್ತವೆ. ಡಿಜಿಟಲ್ ಕ್ಯಾಮೆರಾಗಳು ಫೈಲುಗಳಿಗೆ ಹೆಸರಿಡುವ ಕ್ರಮವನ್ನು 1998ರಲ್ಲಿ ಜಪಾನಿನಲ್ಲಿ ರೂಪುಗೊಂಡ ಡಿಸಿಎಫ್ ಎಂಬ ಮಾನಕ ನಿಗದಿಪಡಿಸಿತು. ಅದರಂತೆ ಹೆಸರಿನಲ್ಲಿ ಮೊದಲು ನಾಲ್ಕು ಅಕ್ಷರ, ಆಮೇಲೆ 0001ರಿಂದ 9999ರವರೆಗಿನ ಒಂದು ಸಂಖ್ಯೆ. ಹತ್ತು ಸಾವಿರದ ಹತ್ತಿರ ಬಂದ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ. ಎರಡು ಮದುವೆಗಳ ಚಿತ್ರಗಳನ್ನು ಬೇರೆ ಬೇರೆ ಫೋಲ್ಡರುಗಳಲ್ಲಿ ಇಟ್ಟು ಹೆಸರುಗಳನ್ನಷ್ಟೇ ಪಟ್ಟಿಗೆ ತಂದರೆ, ‘ಡಿಎಸ್‌ಸಿ_0457’ ಎಂಬ ಒಂದೇ ಹೆಸರು ಎರಡು ಸಾಲುಗಳಲ್ಲಿ ಕುಳಿತಿರುತ್ತದೆ. ಯಾವುದು ಯಾರ ಮನೆಯದೆಂದು ಪಟ್ಟಿಯಿಂದ ತಿಳಿಯುವುದಿಲ್ಲ. ಗೂಗಲ್ ಡ್ರೈವ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಹಲವು ಫೈಲುಗಳನ್ನು ಇರಗೊಡುತ್ತದೆ, ಏಕೆಂದರೆ ಅದು ಫೈಲನ್ನು ಗುರುತಿಸುವುದು ಒಳಗಿನ ಗುರುತುಸಂಖ್ಯೆಯಿಂದಲೇ ಹೊರತು ಹೆಸರಿನಿಂದಲ್ಲ. ಲಿನಕ್ಸ್ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಬೇರೆಯೆಂದು ಎಣಿಸುತ್ತದೆ. ಎಕ್ಸೆಲ್ಲಿನ ಸಾಮಾನ್ಯ ಹುಡುಕಾಟ ಎರಡನ್ನೂ ಒಂದೇ ಎನ್ನುತ್ತದೆ. ಹಾಗಾಗಿ ಲಿನಕ್ಸ್ ಸರ್ವರಿನಲ್ಲಿ ಎರಡಾಗಿದ್ದ ಫೈಲುಗಳು ಸ್ಪ್ರೆಡ್‌ಶೀಟಿನ ಲೆಕ್ಕದಲ್ಲಿ ಒಂದಾಗಿಬಿಡಬಹುದು. ಕೆಲಸಕ್ಕೆ ಬರುವ ಪಟ್ಟಿಯಲ್ಲಿ ಹೆಸರಿನ ಪಕ್ಕ ಪೂರ್ಣ ಮಾರ್ಗ, ಬೈಟುಗಳಲ್ಲಿ ಗಾತ್ರ, ಕೊನೆಯ ಬದಲಾವಣೆಯ ದಿನಾಂಕ ಇರಲೇಬೇಕು. ದಾಖಲೆ ಮುಂದೆ ಪ್ರಶ್ನೆಗೆ ಒಳಗಾಗುವಂಥದ್ದಾದರೆ ಎಸ್‌ಎಚ್‌ಎ-256 ಬೆರಳಚ್ಚೂ ಇರಬೇಕು: ಫೈಲಿನೊಳಗೆ ಒಂದು ಬಿಟ್ ಬದಲಾದರೂ ಈ ಸಂಖ್ಯೆ ಬದಲಾಗುತ್ತದೆ. ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ ಉಚಿತವಾಗಿ ಕೊಡುವ ‘ಡ್ರಾಯ್ಡ್’ ತಂತ್ರಾಂಶ ಇದೇ ತತ್ತ್ವದ ಮೇಲೆ ನಿಂತಿದೆ. ಅದು ಫೋಲ್ಡರನ್ನು ಜಾಲಾಡಿ, ಹೆಸರಿನ ಬಾಲದಲ್ಲಿರುವ ವಿಸ್ತರಣೆಯನ್ನಷ್ಟೇ ನಂಬದೆ, ಒಳಗಿನ ಬೈಟುಗಳನ್ನು ನೋಡಿ ಫೈಲಿನ ಬಗೆಯನ್ನು ಗುರುತಿಸಿ, ಸ್ಪ್ರೆಡ್‌ಶೀಟಿನಲ್ಲಿ ತೆರೆಯಬಲ್ಲ ಪಟ್ಟಿಯನ್ನು ಕೊಡುತ್ತದೆ.

ಪಟ್ಟಿಯನ್ನು ಇಳಿಸುವ ದಾರಿಗಳು ಹಲವು, ಆದರೆ ಅವೆಲ್ಲ ಸರಿಸಮವಲ್ಲ. ಎಲ್ಲಕ್ಕಿಂತ ಸುಲಭವಾದದ್ದು ಎಕ್ಸ್‌ಪ್ಲೋರರಿನಲ್ಲೇ ಇದೆ: ಫೈಲುಗಳನ್ನೆಲ್ಲ ಆರಿಸಿ, ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ಬಲಗಡೆಯ ಮೌಸ್ ಗುಂಡಿಯನ್ನು ಒತ್ತಿದರೆ ‘ಕಾಪಿ ಆ್ಯಸ್ ಪಾತ್’ ಎಂಬ ಆಯ್ಕೆ ಕಾಣುತ್ತದೆ. ವಿಂಡೋಸ್ 11ರಲ್ಲಿ ಶಿಫ್ಟ್ ಕೂಡ ಬೇಕಿಲ್ಲ. ಆಮೇಲೆ ಎಕ್ಸೆಲ್ಲಿಗೆ ಹೋಗಿ ಪೇಸ್ಟ್ ಮಾಡಿದರೆ ಸಾಲಿಗೊಂದರಂತೆ ಪೂರ್ಣ ಮಾರ್ಗಗಳು ಬೀಳುತ್ತವೆ. ಒಂದು ಫೋಲ್ಡರಿಗೆ, ಒಮ್ಮೆಯ ಕೆಲಸಕ್ಕೆ ಇದು ಸಾಕು. ಆದರೆ ಗಾತ್ರ, ದಿನಾಂಕ ಬರುವುದಿಲ್ಲ, ಒಳಫೋಲ್ಡರುಗಳಿಗೆ ಇಳಿಯುವುದೂ ಇಲ್ಲ. ಅದಕ್ಕಿಂತ ಹಳೆಯದು ಕಮಾಂಡ್ ಪ್ರಾಂಪ್ಟಿನ ‘ಡಿಐಆರ್’ ಆದೇಶ. ಪರದೆಗೆ ಬರುವ ಅಕ್ಷರಗಳನ್ನು ಫೈಲಿಗೆ ತಿರುಗಿಸುವ ಬಾಣದ ಗುರುತು ಯುನಿಕ್ಸಿನಲ್ಲಿ ಬಳಕೆಗೆ ಬಂದು, 1983ರ ಎಂಎಸ್-ಡಾಸ್ 2.0ರ ಮೂಲಕ ಪಿಸಿಗಳಿಗೂ ಹಬ್ಬಿತು. ಡಿಐಆರ್ ಆದೇಶಕ್ಕೆ ‘ಬಿ’ ಎಂಬ ಆಯ್ಕೆಯನ್ನು ಸೇರಿಸಿದರೆ ಬರಿಯ ಹೆಸರುಗಳು, ‘ಎಸ್’ ಸೇರಿಸಿದರೆ ಒಳಫೋಲ್ಡರುಗಳ ಫೈಲುಗಳೂ ಬರುತ್ತವೆ. ಎಕ್ಸೆಲ್ 4.0ರ ಕಾಲದ ಮ್ಯಾಕ್ರೊ ಭಾಷೆಯ ‘ಫೈಲ್ಸ್’ ಎಂಬ ಸೂತ್ರವನ್ನು ಇಂದಿಗೂ ಕೆಲವರು ಕಲಿಸಿಕೊಡುತ್ತಾರೆ. ದುರುದ್ದೇಶದ ತಂತ್ರಾಂಶಗಳು ಆ ಭಾಷೆಯನ್ನು ಬಳಸಿಕೊಂಡದ್ದರಿಂದ ಮೈಕ್ರೋಸಾಫ್ಟ್ 2022ರಲ್ಲಿ ಅದನ್ನು ಮೊದಲೇ ನಿಷ್ಕ್ರಿಯವಾಗಿರುವಂತೆ ಮಾಡಿತು. ಆದ್ದರಿಂದ ಆ ದಾರಿಯನ್ನು ಈಗ ಹೊಸದಾಗಿ ಕಲಿಯುವುದರಲ್ಲಿ ಅರ್ಥವಿಲ್ಲ.

ಇವೆಲ್ಲಕ್ಕಿಂತ ಮೇಲಾದದ್ದು ಪವರ್ ಕ್ವೆರಿ. ಎಕ್ಸೆಲ್ 2010 ಮತ್ತು 2013ರಲ್ಲಿ ಹೊರಗಿನಿಂದ ಜೋಡಿಸಿಕೊಳ್ಳಬೇಕಿದ್ದ ಈ ಸಾಧನ ಎಕ್ಸೆಲ್ 2016ರಿಂದ ವಿಂಡೋಸಿನ ಆವೃತ್ತಿಯ ಒಳಗೇ ಬಂತು. ಡೇಟಾ ಟ್ಯಾಬಿನಲ್ಲಿ ‘ಫ್ರಮ್ ಫೋಲ್ಡರ್’ ಎಂಬುದನ್ನು ಆರಿಸಿ ಫೋಲ್ಡರನ್ನು ತೋರಿಸಿದರೆ ಹೆಸರು, ವಿಸ್ತರಣೆ, ಸೃಷ್ಟಿಸಿದ ದಿನ, ಬದಲಾದ ದಿನ, ಫೋಲ್ಡರಿನ ಮಾರ್ಗ ಇವೆಲ್ಲ ಕಾಲಂಗಳಾಗಿ ಬರುತ್ತವೆ. ಗುಣಲಕ್ಷಣಗಳ ಕಾಲಮನ್ನು ಬಿಡಿಸಿದರೆ ಗಾತ್ರವೂ ಸಿಗುತ್ತದೆ. ಒಳಫೋಲ್ಡರುಗಳು ತಾವಾಗಿಯೇ ಸೇರಿಕೊಳ್ಳುತ್ತವೆ. ಇದರ ನಿಜವಾದ ಬೆಲೆ ಇರುವುದು ‘ರಿಫ್ರೆಶ್’ ಗುಂಡಿಯಲ್ಲಿ: ತಿಂಗಳ ನಂತರ ಅದನ್ನು ಒತ್ತಿದರೆ ಅದೇ ಪ್ರಶ್ನೆ ಅದೇ ಫೋಲ್ಡರಿಗೆ ಮತ್ತೆ ಹೋಗಿ ಹೊಸ ಉತ್ತರ ತರುತ್ತದೆ. ಕೈಯಿಂದ ಬರೆದ ಪಟ್ಟಿಯನ್ನು ಹಾಗೆ ಮತ್ತೆ ಕೇಳಲು ಬರುವುದಿಲ್ಲ. ಆದರೆ ಇಲ್ಲೊಂದು ಎಚ್ಚರ ಅಗತ್ಯ. ರಿಫ್ರೆಶ್ ಆದ ಕೂಡಲೇ ಹಳೆಯ ಉತ್ತರ ಅಳಿಸಿಹೋಗುತ್ತದೆ. ಇಂಥ ದಿನ ಇಷ್ಟು ಫೈಲುಗಳಿದ್ದವು ಎಂದು ಮುಂದೆ ತೋರಿಸಬೇಕಾದವರು ಆ ದಿನದ ಪಟ್ಟಿಯನ್ನು ದಿನಾಂಕದ ಹೆಸರಿನಲ್ಲಿ ಬೇರೆ ಫೈಲಾಗಿ ಉಳಿಸಬೇಕು. ಪಟ್ಟಿಯ ಪಕ್ಕದ ಕಾಲಮಿನಲ್ಲಿ ಕೈಯಿಂದ ಷರಾ ಬರೆಯುವವರೂ ಇದನ್ನು ನೆನಪಿಡಬೇಕು, ಏಕೆಂದರೆ ನಡುವೆ ಹೊಸ ಫೈಲೊಂದು ಸೇರಿದರೆ ಹೆಸರುಗಳು ಕೆಳಗೆ ಸರಿಯಬಹುದು, ಷರಾಗಳು ಮಾತ್ರ ಇದ್ದಲ್ಲೇ ಉಳಿದು ಬೇರೊಂದು ಫೈಲಿನ ಪಕ್ಕ ನಿಂತುಬಿಡುತ್ತವೆ.

ಫೋಲ್ಡರಿನಿಂದ ಸರಿಯಾಗಿ ಹೊರಟ ಹೆಸರು ಸ್ಪ್ರೆಡ್‌ಶೀಟಿಗೆ ಬಂದ ಮೇಲೂ ಕೆಡಬಹುದು. ಸ್ಪ್ರೆಡ್‌ಶೀಟ್ ಹುಟ್ಟಿದ್ದು ಲೆಕ್ಕಕ್ಕಾಗಿ. ತನ್ನೊಳಗೆ ಬಿದ್ದದ್ದನ್ನೆಲ್ಲ ಅದು ಮೊದಲು ಸಂಖ್ಯೆಯೋ ದಿನಾಂಕವೋ ಎಂದು ಪರೀಕ್ಷಿಸುತ್ತದೆ. ವಿಸ್ತರಣೆಯನ್ನು ತೆಗೆದುಹಾಕಿದ ‘0012’ ಎಂಬ ಹೆಸರು 12 ಆಗುತ್ತದೆ, ‘3-4’ ಎಂಬ ಫೋಲ್ಡರ್ ಒಂದು ದಿನಾಂಕವಾಗುತ್ತದೆ. ಬರಿಯ ಅಂಕಿಗಳ ಉದ್ದನೆಯ ಹೆಸರಿನಲ್ಲಿ 15ನೆಯ ಅಂಕಿಯ ನಂತರ ಇದ್ದದ್ದೆಲ್ಲ ಸೊನ್ನೆಯಾಗುತ್ತದೆ. ಇದು ಬರಿಯ ಊಹೆಯ ಭಯವಲ್ಲ. ಸೆಪ್ಟೆಂಬರ್, ಮಾರ್ಚ್ ತಿಂಗಳುಗಳನ್ನು ಹೋಲುವ ಜೀನ್ ಹೆಸರುಗಳನ್ನು ಎಕ್ಸೆಲ್ ದಿನಾಂಕಗಳನ್ನಾಗಿ ಬದಲಿಸಿದ್ದರಿಂದ, ಎಕ್ಸೆಲ್ ಪಟ್ಟಿಗಳನ್ನು ಲಗತ್ತಿಸಿದ ತಳಿವಿಜ್ಞಾನದ ಪ್ರಬಂಧಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ತಪ್ಪುಗಳಿವೆ ಎಂದು 2016ರ ಅಧ್ಯಯನವೊಂದು ತೋರಿಸಿತು. 2020ರಲ್ಲಿ ಜೀನ್ ನಾಮಕರಣ ಸಮಿತಿ ಆ ಜೀನುಗಳ ಹೆಸರುಗಳನ್ನೇ ಬದಲಿಸಿತು. ಈ ತಾನೇ ತಾನಾದ ಬದಲಾವಣೆಯನ್ನು ನಿಲ್ಲಿಸುವ ಆಯ್ಕೆ ಎಕ್ಸೆಲ್ಲಿಗೆ ಬಂದದ್ದು 2023ರಲ್ಲಿ. ಒಂದು ತಂತ್ರಾಂಶದ ಅಭ್ಯಾಸಕ್ಕೆ ವಿಜ್ಞಾನವೇ ತನ್ನ ಶಬ್ದಗಳನ್ನು ತಿದ್ದಿಕೊಳ್ಳಬೇಕಾಯಿತು ಎಂಬುದನ್ನು ನೋಡಿದರೆ, ಹೆಸರಿನ ಕಾಲಮಿಗೆ ಮೊದಲೇ ‘ಟೆಕ್ಸ್ಟ್’ ಎಂಬ ರೂಪ ಕೊಟ್ಟಿಡುವುದು ಎಷ್ಟು ಮುಖ್ಯವೆಂದು ತಿಳಿಯುತ್ತದೆ. ಸಮ ಚಿಹ್ನೆಯಿಂದ ಶುರುವಾಗುವ ಹೆಸರನ್ನು ಸ್ಪ್ರೆಡ್‌ಶೀಟ್ ಸೂತ್ರವೆಂದು ಓದುವ ಅಪಾಯಕ್ಕೂ ಇದೇ ಮದ್ದು.

ಕನ್ನಡದ ಹೆಸರುಗಳಿಗೆ ಇನ್ನೊಂದು ಕಂಟಕವಿದೆ. ಸಾಮಾನ್ಯ ಸ್ಥಿತಿಯಲ್ಲಿರುವ ಕಮಾಂಡ್ ಪ್ರಾಂಪ್ಟಿನಿಂದ ಡಿಐಆರ್ ಪಟ್ಟಿಯನ್ನು ಫೈಲಿಗೆ ತಿರುಗಿಸಿದರೆ, ಅದರ ಹಳೆಯ ಸಂಕೇತಪುಟದಲ್ಲಿ ಕನ್ನಡ ಇಲ್ಲದ ಕಾರಣ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಬೀಳುತ್ತವೆ. ವಿಂಡೋಸಿನ ಜೊತೆ ಬರುವ ಪವರ್‌ಶೆಲ್ 5.1 ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ) ಪಟ್ಟಿಯನ್ನು ಬರೆಯುವಾಗಲೂ, ಬೇರೆ ಹೇಳದಿದ್ದರೆ, ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಆಸ್ಕಿ ಸಂಕೇತದಲ್ಲೇ ಬರೆಯುತ್ತದೆ, ಫಲ ಅದೇ. ಹೀಗೆ ಹೋದ ಅಕ್ಷರಗಳನ್ನು ಆ ಪಟ್ಟಿಯಿಂದ ಮರಳಿ ಪಡೆಯಲು ಸಾಧ್ಯವಿಲ್ಲ. ಆದೇಶದಲ್ಲಿ ಯೂನಿಕೋಡಿನ ಯುಟಿಎಫ್-8 ಸಂಕೇತವನ್ನು ನಮೂದಿಸಿದರೆ ತೊಂದರೆಯಿಲ್ಲ. ಯುಟಿಎಫ್-8ರಲ್ಲೇ ಬರೆದರೂ ಆರಂಭದ ಮೂರು ಬೈಟುಗಳ ಗುರುತು ಇಲ್ಲದಿದ್ದರೆ, ಆ ಫೈಲಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ತೆರೆದಾಗ ಎಕ್ಸೆಲ್ ಅದನ್ನು ಹಳೆಯ ಸಂಕೇತದಲ್ಲಿ ಓದಿ ಅರ್ಥವಿಲ್ಲದ ಚಿಹ್ನೆಗಳ ಸಾಲನ್ನು ತೋರಿಸಬಹುದು. ಆಗ ಗಾಬರಿಯಾಗಬೇಕಿಲ್ಲ, ದತ್ತಾಂಶ ಸುರಕ್ಷಿತವಾಗಿಯೇ ಇರುತ್ತದೆ. ಡೇಟಾ ಟ್ಯಾಬಿನಿಂದ ಅದನ್ನು ಆಮದು ಮಾಡಿ ಯುಟಿಎಫ್-8 ಎಂದು ಆರಿಸಿದರೆ ಕನ್ನಡ ಕಾಣುತ್ತದೆ. ಇದಕ್ಕಿಂತ ಸೂಕ್ಷ್ಮವಾದದ್ದು ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕುಗಳ ಪದ್ಧತಿ. ಅದು ಸಂಯುಕ್ತ ಚಿಹ್ನೆಗಳನ್ನು ಬಿಡಿಸಿ ಇಡುತ್ತದೆ. ‘ಕೋಲಾರ’ ಎಂಬುದು ಸಾಮಾನ್ಯ ಟೈಪಿಂಗಿನಲ್ಲಿ 5 ಯೂನಿಕೋಡ್ ಸಂಕೇತಗಳು. ಅಲ್ಲಿ ಓಕಾರದ ಒಂದು ಚಿಹ್ನೆ ಮೂರಾಗಿ ಒಡೆದು ಒಟ್ಟು 7 ಆಗುತ್ತದೆ. ಕಣ್ಣಿಗೆ ಎರಡೂ ಒಂದೇ. ಬೈಟುಗಳನ್ನು ನೇರವಾಗಿ ಹೋಲಿಸುವ ತಂತ್ರಾಂಶಕ್ಕೆ ಮಾತ್ರ ಇವು ಎರಡು ಬೇರೆ ಹೆಸರುಗಳು. ಇಂಥ ಡಿಸ್ಕಿನ ಪಟ್ಟಿಯನ್ನು ವಿಂಡೋಸಿನ ಪಟ್ಟಿಯೊಂದಿಗೆ ತಾಳೆ ನೋಡುವವರು ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಅನುಮಾನ ಬಂದಾಗ ಅಕ್ಷರಗಳನ್ನು ಎಣಿಸುವ ಸೂತ್ರ ನಿಜವನ್ನು ತೋರಿಸುತ್ತದೆ.

ಇಷ್ಟೆಲ್ಲ ಎಚ್ಚರಿಕೆ ಇಪ್ಪತ್ತು ಫೈಲುಗಳಿಗೆ ಬೇಕೆ ಎಂದು ಕೇಳಬಹುದು. ಇಪ್ಪತ್ತೇ ಇದ್ದರೆ, ಒಮ್ಮೆ ನೋಡಿ ಬಿಡುವ ಕೆಲಸವಾದರೆ ಬೇಡ. ಆದರೆ ಯಂತ್ರದಿಂದ ಪಟ್ಟಿ ತೆಗೆಯುವುದಕ್ಕೆ ಇಪ್ಪತ್ತು ಹೆಸರುಗಳನ್ನು ಟೈಪು ಮಾಡುವುದಕ್ಕಿಂತ ಕಡಿಮೆ ಸಮಯ ಸಾಕು, ಮತ್ತು ಕೈ ಮಾಡುವ ತಪ್ಪನ್ನು ಅದೇ ಕಣ್ಣು ಕಂಡುಹಿಡಿಯುವುದು ಕಷ್ಟ. ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಫೋಲ್ಡರೇ ಒಂದು ಪಟ್ಟಿಯಾಗಿರುವಾಗ, ಹುಡುಕುವ ಸೌಲಭ್ಯವೂ ಇರುವಾಗ, ಇನ್ನೊಂದು ಪಟ್ಟಿ ಏಕೆ? ಉತ್ತರ ಸರಳ. ಇಲ್ಲದ ಫೈಲನ್ನು ಫೋಲ್ಡರ್ ತೋರಿಸಲಾರದು. ನೂರು ಪುಟಗಳ ಹಸ್ತಪ್ರತಿಯ ಸ್ಕ್ಯಾನಿನಲ್ಲಿ 57ನೆಯ ಪುಟ ಬಿಟ್ಟುಹೋಗಿದ್ದರೆ, ಫೋಲ್ಡರಿನಲ್ಲಿ ಕಾಣುವುದು ಇರುವ 99 ಮಾತ್ರ. ಇರಬೇಕಾದ ನೂರರ ಪಕ್ಕದಲ್ಲಿ ಇರುವ 99ನ್ನು ಇಟ್ಟು ಹೋಲಿಸಿದಾಗಲೇ ಕೊರತೆ ಕಣ್ಣಿಗೆ ಬೀಳುತ್ತದೆ, ಹಾಗೆ ಹೋಲಿಸಲು ಸ್ಪ್ರೆಡ್‌ಶೀಟ್ ಬೇಕು. ಮೂರನೆಯದಾಗಿ, ಇದು ಡೇಟಾಬೇಸಿನ ಕೆಲಸ, ಸ್ಪ್ರೆಡ್‌ಶೀಟಿನದಲ್ಲ ಎನ್ನುವವರಿದ್ದಾರೆ. 2007ರಿಂದ ಎಕ್ಸೆಲ್ ಹಾಳೆಯೊಂದರಲ್ಲಿ 10,48,576 ಸಾಲುಗಳಿವೆ, ಅದಕ್ಕೂ ಮೊದಲು ಇದ್ದದ್ದು 65,536. ಆ ಮಿತಿಯನ್ನು ದಾಟುವ ಸಂಗ್ರಹಗಳಿಗೆ, ಹಲವರು ಒಟ್ಟಿಗೆ ತಿದ್ದುವ ಸೂಚಿಗಳಿಗೆ ಡೇಟಾಬೇಸೇ ಸರಿ. ಈ ಮಾತನ್ನು ಒಪ್ಪಲೇಬೇಕು. ಆದರೆ ಜಿಲ್ಲಾ ಗ್ರಂಥಾಲಯದ ಸಿಬ್ಬಂದಿ, ಸಣ್ಣ ಪ್ರಕಾಶಕರು, ಶಾಲೆಯ ಗುಮಾಸ್ತರು ಯಾರ ನೆರವೂ ಇಲ್ಲದೆ ತೆರೆದು ಓದಬಲ್ಲದ್ದು ಸ್ಪ್ರೆಡ್‌ಶೀಟನ್ನು. ಪಟ್ಟಿ ಯಾರ ಕೈಯಲ್ಲಿ ಉಳಿಯಬೇಕೋ ಅವರಿಗೆ ಅದು ಎಟುಕಬೇಕು.

ಕೊನೆಯ ಆಕ್ಷೇಪ ಕನ್ನಡಿಗರದೇ: ಇಷ್ಟು ತೊಡಕಿದ್ದರೆ ಫೈಲುಗಳಿಗೆ ಇಂಗ್ಲಿಷಿನಲ್ಲೇ ಹೆಸರಿಟ್ಟರೆ ಆಯಿತಲ್ಲ ಎಂಬುದು. ಯೂನಿಕೋಡ್ ಬಳಕೆಗೆ ಬರುವ ಮುಂಚೆ, ಕನ್ನಡ ಅಕ್ಷರಗಳು ಫಾಂಟಿನ ಬಲದಿಂದ ಮಾತ್ರ ಕಾಣುತ್ತಿದ್ದ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ. ಫೈಲಿನ ಹೆಸರಿಗೆ ಫಾಂಟನ್ನು ತೊಡಿಸಲು ಆಗುವುದಿಲ್ಲ. ಆ ಅಭ್ಯಾಸ ಕಾರಣ ಹೋದ ಮೇಲೂ ಉಳಿದಿದೆ. ಇಂಗ್ಲಿಷ್ ಲಿಪಿಯಲ್ಲಿ ಬರೆದ ಕನ್ನಡದಲ್ಲಿ ‘ಬಳಿ’ಯೂ ‘ಬಲಿ’ಯೂ ಒಂದೇ ಆಗಿಬಿಡುತ್ತವೆ, ಹ್ರಸ್ವ ದೀರ್ಘಗಳು ಬರೆದವರ ಇಷ್ಟಕ್ಕೆ ಬಿಟ್ಟದ್ದಾಗುತ್ತವೆ, ಒಬ್ಬರು ಒಂದು ರೀತಿ ಬರೆದದ್ದನ್ನು ಇನ್ನೊಬ್ಬರು ಹುಡುಕಿದಾಗ ಸಿಗುವುದಿಲ್ಲ. ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿದರೆ ಬರುವುದು ಇಂಗ್ಲಿಷಿನ ಕ್ರಮ. ಒಂದು ನಿಜವಾದ ಮಿತಿ ಇದೆ: ಲಿನಕ್ಸಿನ ಸಾಮಾನ್ಯ ಫೈಲ್ ವ್ಯವಸ್ಥೆಗಳಲ್ಲಿ ಹೆಸರಿಗೆ 255 ಬೈಟುಗಳಷ್ಟೇ ಜಾಗ, ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು ಬೇಕು. ಅಂದರೆ ಕನ್ನಡದ ಹೆಸರಿಗೆ 85 ಸಂಕೇತಗಳು ಸಿಗುತ್ತವೆ. ‘ಕ್ಷೇ’ ಎಂಬ ಒಂದೇ ಅಕ್ಷರಕ್ಕೆ 4 ಖರ್ಚಾಗುತ್ತವೆ. ಪುಸ್ತಕದ ಹೆಸರು, ಲೇಖಕರ ಹೆಸರು, ವರ್ಷ, ಪುಟಸಂಖ್ಯೆ ಬರೆಯಲು ಇಷ್ಟು ಧಾರಾಳವಾಗಿ ಸಾಕು. ಹೆಸರಿನ ಮೊದಲಿಗೆ ಸೊನ್ನೆ ಸೇರಿಸಿದ ಕ್ರಮಸಂಖ್ಯೆ, ಆಮೇಲೆ ಕನ್ನಡದಲ್ಲೇ ವಿಷಯ, ಪಟ್ಟಿ ಯುಟಿಎಫ್-8ರಲ್ಲಿ: ಗ್ರಂಥಾಲಯಗಳೂ ಪ್ರಕಾಶಕರೂ ಮುಂದಿನ ಸ್ಕ್ಯಾನಿನಿಂದಲೇ ಇದನ್ನು ರೂಢಿಗೆ ತರಬೇಕು.