ರೆಪ್ಪೆಯೊಳಗಿನ ಸೂಜಿ, ಅಂಗಡಿಯ ಹನಿಮದ್ದು

ಬೇಸಗೆ ಕಾಲಿಟ್ಟಿತೆಂದರೆ ಕಾಪುವಿನ ಕಡಲತಡಿಯಿಂದ ಕಾರ್ಕಳದ ತನಕ ಹಲವು ಮನೆಗಳಲ್ಲಿ ಕೇಳಿಬರುವ ಗದರಿಕೆ ಒಂದೇ: 'ಕಣ್ಣು ತಿಕ್ಕಬೇಡ ಮಾರಾಯ!' ಗದರಿಸಿಕೊಳ್ಳುವವನು ಹೆಚ್ಚಾಗಿ ಶಾಲೆಗೆ ಹೋಗುವ ಹುಡುಗ. ಕಣ್ಣು ಕೆಂಪು, ತಡೆಯಲಾಗದ ತುರಿಕೆ, ನೂಲಿನಂತೆ ಎಳೆಯೆಳೆಯಾಗಿ ಬರುವ ಗೀಜು, ಬಿಸಿಲನ್ನು ನೋಡಲಾಗದು.

ನಾಲ್ಕಾರು ದಿನಗಳಲ್ಲಿ ವಾಸಿಯಾಗುವ ಕೆಂಗಣ್ಣು ಬೇನೆ ಇದಲ್ಲ. ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ. ಇದೊಂದು ಅಲರ್ಜಿ. ವಸಂತದಲ್ಲಿ ಉಲ್ಬಣಿಸುವುದನ್ನು ಕಂಡು 19ನೆಯ ಶತಮಾನದ ಜರ್ಮನ್ ವೈದ್ಯರು ಇದಕ್ಕೆ ವಸಂತದ ಹೆಸರನ್ನೇ ಇಟ್ಟರು. ನಮ್ಮಂಥ ಸೆಕೆಯ ನಾಡಿನಲ್ಲಿ ಅದು ವರ್ಷವಿಡೀ ಕಾಡುವುದೂ ಉಂಟು. ಮೇಲ್ರೆಪ್ಪೆಯ ಒಳಮೈಯಲ್ಲಿ ಕಲ್ಲು ಹಾಸಿದಂತೆ ಗಂಟುಗಳೇಳುತ್ತವೆ. ರೋಗ ಬಲಿತರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪಟಲ ಹುಣ್ಣಾಗುತ್ತದೆ.

ಹಿಂದೆ ಇದಕ್ಕೆ ನಂದಿಬಟ್ಟಲು ಹೂವಿನ ತಂಪು, ತಣ್ಣೀರ ಬಟ್ಟೆ ಮುಂತಾದ ಮನೆಮದ್ದುಗಳೇ ಆಸರೆ. 1923ರಲ್ಲಿ ಡಾ. ಈವಾ ಲೊಂಬಾರ್ಡ್ ಉಡುಪಿಯಲ್ಲಿ ಮಿಷನ್ ಆಸ್ಪತ್ರೆ ತೆರೆದರು, 1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಸ್ಥಾಪಿಸಿದರು. ಆಧುನಿಕ ವೈದ್ಯ ಹೀಗೆ ಜನರಿಗೆ ಹತ್ತಿರವಾಗುತ್ತಿದ್ದ ಕಾಲದಲ್ಲೇ ಜಗತ್ತು ಒಂದು ಹೊಸ ಔಷಧವನ್ನು ಕಂಡಿತ್ತು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಸಂಧಿವಾತದ ರೋಗಿಗೆ ಮೊದಲ ಬಾರಿ ನೀಡಿದ ಕಾರ್ಟಿಸೋನ್, 1950ರಲ್ಲಿ ಅದರ ಸಂಶೋಧಕರಿಗೆ ನೊಬೆಲ್ ತಂದಿತು. ಈ ಸ್ಟೀರಾಯ್ಡ್ ವರ್ಗದ ಹನಿಮದ್ದು ಬಿಟ್ಟರೆ ಕಣ್ಣಿನ ಕೆಂಪೂ ತುರಿಕೆಯೂ ಬೇಗನೆ ಇಳಿಯುತ್ತಿದ್ದವು.

ಆದರೆ ಈ ಪವಾಡಕ್ಕೆ ಬೆಲೆ ತೆರಬೇಕಾಯಿತು. ಬಹುಕಾಲ ಬಳಸಿದರೆ ಕೆಲವರಲ್ಲಿ ಕಣ್ಣಿನ ಒಳ ಒತ್ತಡ ಏರಿ, ದೃಷ್ಟಿನರ ಸವೆದು ಗ್ಲಾಕೋಮಾ ಬರುತ್ತದೆಂಬುದು 1960ರ ದಶಕದ ಹೊತ್ತಿಗೆ ಖಚಿತವಾಯಿತು. ಕಣ್ಣಿನ ಪೊರೆಯೂ ಬರಬಹುದು.

ಹನಿಮದ್ದಿಗೂ ಬಗ್ಗದ ರೋಗಕ್ಕೆ ಏನು ಮಾಡುವುದು? ಸ್ಯಾನ್‌ಫ್ರಾನ್ಸಿಸ್ಕೋದ ನೇತ್ರತಜ್ಞರು 1996ರಲ್ಲಿ ಒಂದು ದಾರಿಯನ್ನು ಪ್ರಕಟಿಸಿದರು: ಔಷಧವನ್ನು ರೋಗದ ನೆಲೆಗೇ ತಲಪಿಸುವುದು. ಮರಗಟ್ಟಿಸುವ ಹನಿ ಬಿಟ್ಟು, ಮೇಲ್ರೆಪ್ಪೆಯನ್ನು ಮಗುಚಿ, ಅದರ ಗಟ್ಟಿ ಪಟ್ಟಿಯ ಅಂಚಿನಾಚೆ ಒಳಪೊರೆಯ ಅಡಿಗೆ ಸ್ಟೀರಾಯ್ಡನ್ನು ಸಣ್ಣ ಸೂಜಿಯಿಂದ ಚುಚ್ಚಲಾಗುತ್ತದೆ. ಕೆಲವೇ ದಿನಗಳಲ್ಲಿ ಗಂಟುಗಳು ಕುಗ್ಗುತ್ತವೆ. ಚಂಡೀಗಢದ ವೈದ್ಯರು 1999ರಲ್ಲಿ ಎರಡು ಬಗೆಯ ಸ್ಟೀರಾಯ್ಡ್‌ಗಳನ್ನು ಹೀಗೆ ಬಳಸಿ, ಹೋಲಿಸಿ ನೋಡಿದರು.

ಸೂಜಿಯೂ ನಿರಪಾಯಕಾರಿಯಲ್ಲ. ಅದರಿಂದಲೂ ಒತ್ತಡ ಏರಬಹುದು, ರೋಗ ಮರುಕಳಿಸಬಹುದು. ಆದ್ದರಿಂದಲೇ ಇದು ಮೊದಲ ಮದ್ದಲ್ಲ. ಮೊದಲು ಅಲರ್ಜಿ ನಿರೋಧಕ ಹನಿಗಳು. ಸ್ಟೀರಾಯ್ಡನ್ನು ದೂರವಿಡಲು ಸೈಕ್ಲೋಸ್ಪೋರಿನ್, ಟ್ಯಾಕ್ರೋಲಿಮಸ್‌ಗಳೂ ಈಗ ಇವೆ. ಆದರೆ ಸೂಜಿ ಚುಚ್ಚುವವರು ವೈದ್ಯರು. ಆಮೇಲೆ ಒತ್ತಡ ಅಳೆಯುವವರೂ ಅವರೇ.

ಅಂಗಡಿಯಿಂದ ತರುವ ಪುಟ್ಟ ಬಾಟಲಿಗೆ ಈ ಕಾವಲಿಲ್ಲ. ವೈದ್ಯರ ಚೀಟಿಯಿಲ್ಲದೆ ಸ್ಟೀರಾಯ್ಡ್ ಹನಿ ಮಾರುವಂತಿಲ್ಲವೆಂದು ಕಾನೂನು ಹೇಳುತ್ತದೆ. ಹಾಗಿದ್ದರೂ ಹಳೆಯ ಚೀಟಿ, ಖಾಲಿ ಬಾಟಲಿ ತೋರಿಸಿ ಮತ್ತೆ ಮತ್ತೆ ಮದ್ದು ತರುವುದು ನಿಂತಿಲ್ಲ. ಸೂಜಿಯೆಂದರೆ ಬೆಚ್ಚುವ ತಂದೆತಾಯಿ ಹನಿಮದ್ದಿಗೆ ಹೆದರುವುದಿಲ್ಲ. ಎರಡರಲ್ಲೂ ಇರುವುದು ಒಂದೇ ಜಾತಿಯ ಔಷಧ.

ಹುಡುಗರು ಪ್ರಾಯಕ್ಕೆ ಬರುತ್ತಿದ್ದಂತೆ ಈ ಬೇನೆ ಸಾಮಾನ್ಯವಾಗಿ ತಾನಾಗಿಯೇ ಬಿಟ್ಟುಹೋಗುತ್ತದೆ. ಆದರೆ ಗ್ಲಾಕೋಮಾ ಕಸಿದುಕೊಂಡ ದೃಷ್ಟಿ ಮಾತ್ರ ಮರಳಿ ಬರುವುದಿಲ್ಲ.