ಸಾವಿನ ಗತ್ತು ಕಲಿಸಬೇಕಾ, ಬೇಡ್ವಾ?

ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ಭಾನುವಾರ ಸಂಜೆ ತಮಟೆ ಕಲಿಸ್ತಾ ಇದೀವಿ. ಹನ್ನೊಂದು ಮಕ್ಕಳು, ಅದರಲ್ಲಿ ನಾಲ್ಕು ಹೆಣ್ಣುಮಕ್ಕಳು. ಹೋದ ವಾರ ಒಬ್ಬ ತಾಯಿ ಬಂದು ಹೇಳಿದರು: "ಅಣ್ಣಾ, ಕುಣಿಯೋ ಗತ್ತು ಕಲಿಸಿ, ಬೇಡ ಅನ್ನಲ್ಲ. ಹೆಣದ ಮುಂದೆ ಬಡಿಯೋದು ಮಾತ್ರ ನನ್ ಮಗನಿಗೆ ಕಲಿಸಬೇಡಿ. ನಮ್ಮ ಮಾವ ಅದನ್ನ ಬಡಿದೂ ಬಡಿದೂ ಸವೆದು ಹೋದ್ರು."

ನನಗೆ ಆಗ ಉತ್ತರ ಹೊಳೆಯಲಿಲ್ಲ. ಸೀರಿಯಸ್ಸಾಗಿ ಕಲಿಯೋ ಮಕ್ಕಳಿಗೆ ಯಾವ ಗತ್ತು ಬೇಕೇ ಬೇಕು, ಯಾವುದನ್ನ ಬಿಡಬಹುದು? ವಾರವೆಲ್ಲ ಯೋಚಿಸಿ ಇದನ್ನ ಬರೀತಿದೀನಿ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ನಮ್ಮ ಕಡೆ ತಮಟೆ, ಉತ್ತರ ಕರ್ನಾಟಕದಲ್ಲಿ ಹಲಗೆ, ತೆಲುಗಿನಲ್ಲಿ ಡಪ್ಪು, ತಮಿಳಿನಲ್ಲಿ ಪರೈ. ಬಳೆಗೆ ತೊಗಲು ಬಿಗಿದು ಬೆಂಕಿಗೆ ಕಾಯಿಸಿದರೆ ನಾದ. ಪರೈಯರ್ ಅನ್ನೋ ಜಾತಿಯ ಹೆಸರನ್ನೇ ಇಂಗ್ಲಿಷಿನವರು ಬಹಿಷ್ಕೃತ ಅನ್ನೋ ಅರ್ಥದ ಪದ ಮಾಡಿಕೊಂಡರು. ಆದರೆ ತಮಿಳಿನ ಹಳೇ ವ್ಯಾಕರಣ ತೊಲ್ಕಾಪ್ಪಿಯಂ ಒಂದೊಂದು ಸೀಮೆಗೂ ಅದರದೇ ದೇವರು, ಆಹಾರ, ಮರ, ಹಕ್ಕಿಯ ಜೊತೆ ಪರೈಯನ್ನೂ ಲೆಕ್ಕ ಹಾಕುತ್ತೆ. ಅಂದರೆ ಈ ವಾದ್ಯ ಹುಟ್ಟುತ್ತಲೇ ಮೈಲಿಗೆ ಆಗಿರಲಿಲ್ಲ. ಮೈಲಿಗೆ ಮಾಡಿದ್ದು ಜಾತಿ.

ನಮ್ಮ ತಾತ ತೋಟಿ. ಊರಿಗೆ ಡಂಗುರ ಸಾರೋದು ಅವರ ಕೆಲಸ. ಒಂದಷ್ಟು ಏಟು, ಆಮೇಲೆ ನಿಲ್ಲಿಸಿ ಸುದ್ದಿ ಕೂಗೋದು. ಇದಕ್ಕೆ ಚೂರು ಇನಾಮು ಜಮೀನು, ಬದಲಿಗೆ ಹಗಲು ರಾತ್ರಿ ಅನ್ನದೆ ಮನೆಮಂದಿಯೆಲ್ಲ ಚಾಕರಿ. ಮುಂಬಯಿ ಪ್ರಾಂತ್ಯದಲ್ಲಿ ಇದಕ್ಕೇ ವತನ ಅಂತಿದ್ದರು. ಧಾರವಾಡ, ಬೆಳಗಾವಿ, ಬಿಜಾಪುರ ಆಗ ಅದೇ ಪ್ರಾಂತ್ಯದಲ್ಲಿದ್ದವು. ಬಾಬಾಸಾಹೇಬರು 1927ರಲ್ಲಿ ಮಹಾಡದಲ್ಲಿ ಸತ್ತ ದನ ಹೊರೋದು ನಿಲ್ಲಿಸಿ ಅಂದರು. ಮರುವರ್ಷವೇ ವತನದ ಕಾನೂನು ತಿದ್ದೋಕೆ ಮುಂಬಯಿ ಶಾಸನ ಪರಿಷತ್ತಿನಲ್ಲಿ ಮಸೂದೆ ಮಂಡಿಸಿದರು. ಭೂಮಿಯ ಆಸೆ ತೋರಿಸಿ ವಂಶವನ್ನೇ ಕಟ್ಟಿಹಾಕೋ ಹಗ್ಗ ಅದು ಅಂತ ಅವರಿಗೆ ಗೊತ್ತಿತ್ತು.

ನಮ್ಮ ರಾಜ್ಯದಲ್ಲಿ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ಬಂದದ್ದು 1961ರಲ್ಲಿ, ಜಾರಿಯಾಗಿದ್ದು 1963ರ ಫೆಬ್ರವರಿ 1ರಿಂದ. ಕಾಗದದಲ್ಲಿ ತೋಟಿಕೆ ಹೋಯ್ತು. ಸಾವಾದರೆ ಕೇರಿಗೆ ಆಳು ಕಳಿಸೋದು ಹೋಗಲಿಲ್ಲ. ಅಪ್ಪ ಹೋಗಿ ಅಂಗಳದ ಹೊರಗೆ ನಿಂತು ಬಡೀಬೇಕು, ಹೆಣದ ಮುಂದೆ ನಡೀಬೇಕು. ಕೊಟ್ಟರೆ ಎರಡು ಸೇರು ರಾಗಿ, ಒಂದಿಷ್ಟು ಸಾರಾಯಿ.

1973ರ ಬೂಸಾ ಗಲಾಟೆ, ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿ, 1975ರಲ್ಲಿ ಬಂದ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು', ಇವೆಲ್ಲ ನಮ್ಮ ಕೇರಿ ಮುಟ್ಟೋ ಹೊತ್ತಿಗೆ ನಾನು ಒಂಬತ್ತರ ಹುಡುಗ. ಒಂದು ದಿನ ಆಳು ಕರೆಯೋಕೆ ಬಂದಾಗ ಅಪ್ಪ "ಇನ್ಮೇಲೆ ಬರಲ್ಲ" ಅಂದರು. ಅಷ್ಟೇ. ಮಾರನೇ ದಿನದಿಂದ ಅಂಗಡಿಯಲ್ಲಿ ಉಪ್ಪಿಲ್ಲ, ಹೊಲದಲ್ಲಿ ಕೂಲಿ ಇಲ್ಲ. ಸಾಮಾಜಿಕ ಬಹಿಷ್ಕಾರವನ್ನ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಹೆಸರಿಸಿ ಅಪರಾಧ ಅಂದಿದ್ದು 2015ರ ತಿದ್ದುಪಡಿಯಲ್ಲಿ. ಆಗ ನಮಗೆ ಇದ್ದದ್ದು ಅವ್ವ ಮುಚ್ಚಿಟ್ಟಿದ್ದ ಹುರುಳಿ ಮಾತ್ರ.

ಆದರೆ ಅಪ್ಪ ತಮಟೆಯನ್ನ ಒಲೆಗೆ ಹಾಕಲಿಲ್ಲ. ಆರು ತಿಂಗಳಾದ ಮೇಲೆ ಜಾಥಾದ ಮುಂದೆ ಅದೇ ತಮಟೆ ಹಿಡಿದು ನಡೆದರು.

ಅಪ್ಪ ತೀರಿಕೊಂಡಾಗ ಕೇರಿಯಲ್ಲಿ ಸಾವಿನ ಗತ್ತು ಸರಿಯಾಗಿ ಬರ್ತಿದ್ದದ್ದು ನಮ್ಮ ದೊಡ್ಡಪ್ಪನಿಗೆ ಒಬ್ಬರಿಗೇ. ಎಪ್ಪತ್ತು ದಾಟಿತ್ತು, ಕೈ ನಡುಗ್ತಿತ್ತು. ಆದ್ರೂ ಮನೆಯಿಂದ ಮಣ್ಣಿನವರೆಗೆ ಲಯ ಒಂದಿಷ್ಟೂ ಓಡಲಿಲ್ಲ. ಅವತ್ತು ನನಗೆ ಅರ್ಥ ಆಯ್ತು. ಊರ ಯಜಮಾನರ ಹೆಣಕ್ಕೆ ಬಡಿದಿದ್ದು ಬಿಟ್ಟಿ ಚಾಕರಿ. ಅಪ್ಪನಿಗೆ ಬಡಿದಿದ್ದು ಮರ್ಯಾದೆ. ಗತ್ತು ಮಾತ್ರ ಎರಡೂ ಕಡೆ ಒಂದೇ.

ಅದಕ್ಕೇ ನನ್ನ ಪಟ್ಟಿ ಹೀಗಿದೆ. ಮೊದಲು ನಡೆಯೋ ಗತ್ತು: ಕಾಲೂ ಕೈಯೂ ಒಂದಾಗೋವರೆಗೆ ಬೇರೆ ಯಾವುದೂ ಇಲ್ಲ. ಎರಡನೇದು ಡಂಗುರ: ಎಲ್ಲಿ ನಿಲ್ಲಿಸಬೇಕು ಅನ್ನೋದು ಅದರಿಂದಲೇ ಬರುತ್ತೆ. ಮೂರನೇದು ಜಾತ್ರೆ, ದೇವರ ಗತ್ತು: ನಾಲ್ಕು ಜನ ಒಬ್ಬರನ್ನೊಬ್ಬರು ಕೇಳಿಸಿಕೊಂಡು ಬಾರಿಸೋದು. ನಾಲ್ಕನೇದು ಕುಣಿತ. ಕೊನೆಗೆ ಸಾವಿನ ಗತ್ತು, ಯಾಕಂದ್ರೆ ನಿಧಾನವಾಗಿ ಬಾರಿಸೋದೇ ಕಷ್ಟ. ವೇಗದಲ್ಲಿ ತಪ್ಪು ಮುಚ್ಚಿಹೋಗುತ್ತೆ, ನಿಧಾನದಲ್ಲಿ ಬಯಲಾಗುತ್ತೆ.

ಈಗ ವೇದಿಕೆಯ ಮೇಲೆ ಕೊಡೋದು ಐದು ನಿಮಿಷ. ಐದು ನಿಮಿಷಕ್ಕೆ ಕುಣಿತ ಸಾಕು, ಚಪ್ಪಾಳೆ ಬರುತ್ತೆ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ತಮಟೆಗೆ ಪದ್ಮಶ್ರೀ ಬಂದಾಗ ನಮ್ಮ ಕೇರಿಯಲ್ಲೂ ಹಬ್ಬ. ಆದರೆ ಚಪ್ಪಾಳೆ ಗಿಟ್ಟಿಸೋ ಗತ್ತನ್ನಷ್ಟೇ ಕಲಿಸಿ ಉಳಿದಿದ್ದನ್ನ ಬಿಟ್ಟರೆ, ನಮ್ಮ ಅಜ್ಜಂದಿರು ಏನು ಹೊತ್ತರು, ಅಪ್ಪಂದಿರು ಏನನ್ನ ಬೇಡ ಅಂದರು ಅನ್ನೋದೂ ಮಕ್ಕಳ ಕೈಯಿಂದ ಜಾರಿಹೋಗುತ್ತೆ.

ಹಾಗಂತ ಆ ತಾಯಿಯ ಮಾತು ಸುಳ್ಳಲ್ಲ. ಬರುತ್ತೆ ಅಂತ ಗೊತ್ತಾದರೆ ಇವತ್ತೂ ಆಳು ಕಳಿಸೋರಿದಾರೆ. ಅದಕ್ಕೆ ನಮ್ಮಲ್ಲಿ ಗತ್ತಿಗೂ ಮೊದಲು ಒಂದು ಪಾಠ ಇದೆ: "ಬರಲ್ಲ" ಅನ್ನೋದು. ಅಪ್ಪನ ಕಥೆ ಹೇಳಿ, ಕಾಯ್ದೆ ಓದಿಸಿ, ಆಮೇಲೆ ಕೈಗೆ ಕೋಲು ಕೊಡೋದು. ಸಾವಿನ ಗತ್ತು ನಮ್ಮವರಿಗೆ, ನಮ್ಮ ಹೋರಾಟದ ಸಂಗಾತಿಗಳಿಗೆ. ಚಾಕರಿಗೆ ಅಂತ ಕರೆದವರಿಗೆ ಯಾವ ಗತ್ತೂ ಇಲ್ಲ.

ನಿನ್ನೆ ಇದನ್ನೆಲ್ಲ ಆ ತಾಯಿಗೆ ಹೇಳಿದೆ. ಒಪ್ಪಿದೆ ಅನ್ನಲಿಲ್ಲ. ಸುಮ್ಮನೆ ಕೇಳಿಸಿಕೊಂಡು, "ಮೊದಲು ಆ 'ಬರಲ್ಲ' ಅನ್ನೋದನ್ನ ಚೆನ್ನಾಗಿ ಕಲಿಸಿ ಅಣ್ಣಾ, ಉಳಿದಿದ್ದು ಆಮೇಲೆ ನೋಡೋಣ" ಅಂದರು.

ಸರಿ ಅಂದಿದೀನಿ. ನಿಮ್ಮ ಕೇರಿಯಲ್ಲಿ ಈ ಗತ್ತುಗಳು ಬರೋ ಹಿರಿಯರು ಇದ್ದರೆ, ಅವರು ಇರುವಾಗಲೇ ಹೋಗಿ ಪಕ್ಕದಲ್ಲಿ ಕೂತ್ಕೊಳ್ಳಿ.

ಜೈ ಭೀಮ್.