ಎರಡು ಕಡೆ ಒಂದೇ ಸಾಲು

ಡೆಬಿಯನ್ ಲಿನಕ್ಸ್‌ನ ಚರಿತ್ರೆಯಲ್ಲಿ ನಾನು ಮತ್ತೆ ಮತ್ತೆ ಓದುವ ಪ್ರಸಂಗ 2006ರದ್ದು. ಹ್ಯಾಕರ್ ಒಬ್ಬ ನುಗ್ಗಿದ ಕಥೆಯಲ್ಲ ಇದು, ಕೋಡ್ ಚೊಕ್ಕ ಮಾಡಲು ಹೊರಟವರ ಕಥೆ.

ಎನ್‌ಕ್ರಿಪ್ಷನ್ ಕೀ ಹುಟ್ಟಿಸಲು ಯಾರೂ ಊಹಿಸಲಾಗದ ಸಂಖ್ಯೆ ಬೇಕು. ಓಪನ್‌ಎಸ್‌ಎಸ್‌ಎಲ್ ಲೈಬ್ರರಿ ಇದಕ್ಕಾಗಿ ಸಿಸ್ಟಮ್‌ನಿಂದ ರ‍್ಯಾಂಡಮ್ ಡೇಟಾ ತಂದು ಒಂದು ಪೂಲ್‌ಗೆ ಸುರಿದು ಕಲಸುತ್ತದೆ. ಆದರೆ ಈ ಲೈಬ್ರರಿ ಬಳಸುವ ಪ್ರೋಗ್ರಾಮ್‌ಗಳನ್ನು ವಾಲ್‌ಗ್ರಿಂಡ್‌ನಲ್ಲಿ ಓಡಿಸಿದರೆ ರಾಶಿ ರಾಶಿ ವಾರ್ನಿಂಗ್: ಬೆಲೆ ತುಂಬದ ಮೆಮೊರಿ ಬಳಸಿದ್ದೀರಿ ಅಂತ. ಡೆಬಿಯನ್‌ನಲ್ಲಿ ಈ ಪ್ಯಾಕೇಜ್ ನೋಡಿಕೊಳ್ಳುತ್ತಿದ್ದವರು ಮೂಲ ಹುಡುಕಿದರು. ಎರಡು ಫಂಕ್ಷನ್‌ಗಳಲ್ಲಿ ಅಕ್ಷರಶಃ ಒಂದೇ ಸಾಲು ಸಿಕ್ಕಿತು.

ಒಂದು ಕಡೆ ಅದು ಬಫರ್‌ನಲ್ಲಿ ಮೊದಲೇ ಬಿದ್ದಿದ್ದ ಕಸವನ್ನೂ ಪೂಲ್‌ಗೆ ಸೇರಿಸುತ್ತಿತ್ತು. ಇದ್ದರೆ ಲಾಭ, ಇಲ್ಲದಿದ್ದರೆ ನಷ್ಟವಿಲ್ಲ. ಪ್ಯೂರಿಫೈ ಎಂಬ ಟೂಲ್ ಇದಕ್ಕೆ ತಕರಾರು ಮಾಡುತ್ತದೆಂದು ಮೂಲ ಲೇಖಕರೇ ಪಕ್ಕದಲ್ಲಿ ಬರೆದಿಟ್ಟಿದ್ದರು. ಇನ್ನೊಂದು ಕಡೆ ಅದೇ ಸಾಲು ಪೂಲ್‌ಗೆ ರ‍್ಯಾಂಡಮ್ ಡೇಟಾ ಹೋಗುವ ದಾರಿ. ಅದರ ಪಕ್ಕದಲ್ಲಿ ಒಂದು ಮಾತೂ ಇರಲಿಲ್ಲ.

2006ರ ಮೇನಲ್ಲಿ ಅವರು ಓಪನ್‌ಎಸ್‌ಎಸ್‌ಎಲ್‌ನವರನ್ನು ಕೇಳಿಯೇ ಇದ್ದರು. ಡಿಬಗ್ಗಿಂಗ್‌ಗೆ ಅನುಕೂಲವಾದರೆ ತೆಗೆಯಬಹುದು ಎಂಬರ್ಥದ ಉತ್ತರ ಬಂತು. ಡಿಬಗ್ಗಿಂಗ್‌ಗೆ ಕೊಟ್ಟ ಒಪ್ಪಿಗೆ ಎಲ್ಲರ ಕಂಪ್ಯೂಟರಿಗೂ ಅನ್ವಯಿಸುತ್ತದಾ ಅಂತ ಎರಡೂ ಕಡೆಯವರು ಯೋಚಿಸಲಿಲ್ಲ. (ರಿವ್ಯೂನಲ್ಲಿ ‘ಎಲ್‌ಜಿಟಿಎಂ’ ಅಂತ ಹಾಕಿ ಊಟಕ್ಕೆ ಹೋಗುವ ನಮಗೆ ಇದೇನು ಹೊಸದಲ್ಲ ಬಿಡಿ.) ಎರಡೂ ಸಾಲು ಕಾಮೆಂಟ್ ಆದ ಪ್ಯಾಕೇಜ್ ಸೆಪ್ಟೆಂಬರ್‌ನಲ್ಲಿ ಹೊರಬಂತು. ಪ್ಯಾಚ್ ಡೆಬಿಯನ್‌ನಲ್ಲೇ ಉಳಿಯಿತು; ಮೂಲ ಪ್ರಾಜೆಕ್ಟಿಗೆ ಹೋಗಿದ್ದರೆ ಯಾರಾದರೂ ಬೆಚ್ಚಿಬೀಳುತ್ತಿದ್ದರೇನೋ.

ಇಲ್ಲಿ ಒಬ್ಬರನ್ನೇ ಗುರಿ ಮಾಡಿ ಬೈಯುವುದು ನನಗೆ ಸರಿ ಕಾಣುವುದಿಲ್ಲ. ಜೀವಾಳದಂಥ ಸಾಲಿಗೆ ಕಾರಣ ಬರೆಯದೆ ಬಿಟ್ಟವರದ್ದೂ ಪಾಲಿದೆ. ಆದರೂ ವಾರ್ನಿಂಗ್ ನಿಲ್ಲಿಸಬೇಕು ಅನ್ನುವುದು ಕ್ರಿಪ್ಟೋ ಕೋಡ್‌ನ ಹೊಟ್ಟೆಗೆ ಕೈ ಹಾಕಲು ಸಾಕಾಗುವ ಕಾರಣವಲ್ಲ.

ಸುಮಾರು ಇಪ್ಪತ್ತು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಕೀಗಳು ಹುಟ್ಟುತ್ತಿದ್ದವು, ಲಾಗಿನ್ ಆಗುತ್ತಿತ್ತು, ಟೆಸ್ಟ್‌ಗಳು ಪಾಸ್. ಡೆಬಿಯನ್‌ನದೇ ಡೆವಲಪರ್ ಲೂಸಿಯಾನೊ ಬೆಲ್ಲೊ ಇದನ್ನು ಪತ್ತೆಹಚ್ಚಿ, 2008ರ ಮೇ 13ರಂದು ಸುದ್ದಿ ಹೊರಬಿದ್ದಾಗ ಲೆಕ್ಕ ಗಾಬರಿ ಹುಟ್ಟಿಸುವಂತಿತ್ತು: ಬದಲಾಗುತ್ತಿದ್ದದ್ದು ಪ್ರೊಸೆಸ್ ಐಡಿ ಮಾತ್ರ. ಅಂದರೆ ಒಂದು ಬಗೆಯ ಯಂತ್ರದಲ್ಲಿ, ಒಂದು ಅಳತೆಯ ಕೀಗೆ, ಹೆಚ್ಚೆಂದರೆ 32,768 ಸಾಧ್ಯತೆ. ಉಬುಂಟು ಕೂಡ ಇದೇ ಪ್ಯಾಕೇಜ್ ಬಳಸುತ್ತಿತ್ತು. ಡೆಬಿಯನ್ ಮುಟ್ಟದ ಸರ್ವರ್‌ಗಳೂ ಬಚಾವಾಗಲಿಲ್ಲ, ಅಲ್ಲಿಗೆ ಲಾಗಿನ್ ಆಗುವವರಲ್ಲಿ ಒಬ್ಬರ ಕೀ ಡೆಬಿಯನ್‌ನಲ್ಲಿ ಹುಟ್ಟಿದ್ದರೆ ಸಾಕಿತ್ತು.

ರಿಪೇರಿಗೆ ಆ ಎರಡನೇ ಕಡೆಯ ಸಾಲೊಂದನ್ನು ಮರಳಿ ತಂದರು. ಆದರೆ ಅಷ್ಟರಲ್ಲಿ ಹುಟ್ಟಿದ್ದ ಕೀಗಳನ್ನು ಅಪ್‌ಡೇಟ್ ಸರಿಮಾಡುವಂತಿರಲಿಲ್ಲ. ಅವನ್ನು ಒಂದೊಂದಾಗಿ ಹುಡುಕಿ ಎಸೆದು, ಹೊಸದು ಮಾಡಿಕೊಳ್ಳಬೇಕಾಯಿತು.